ವಿಶ್ವಮಾನವ ಎಕ್ಸ್‌ಪ್ರೆಸ್ಸಿನಲ್ಲಿ ನಿಜವಾದ ‘ನಾನು’: ಒಂದು ಅಧ್ಯಯನ

ಪೀಠಿಕೆ

ಮನುಷ್ಯನ ಮೈಮೇಲೆ ಅಂಟಿಕೊಂಡಿರುವ ಜಾತಿ, ಊರು, ಮನೆತನ, ನೌಕರಿ, ಸಂಬಳ ಇತ್ಯಾದಿ ಚೀಟಿಗಳನ್ನೆಲ್ಲ ಒಂದೊಂದಾಗಿ ಕಿತ್ತರೆ ಒಳಗೆ ಉಳಿಯುವುದೇನು ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಉಪನಿಷತ್ತಿನ ಋಷಿಗಳಿಂದ ಹಿಡಿದು ನಂದಿಬೆಟ್ಟದ ಬುಡದ ರೆಸಾರ್ಟುಗಳಲ್ಲಿ ಶನಿವಾರ ಭಾನುವಾರ ‘ನಿಮ್ಮನ್ನು ನೀವು ಕಂಡುಕೊಳ್ಳಿ’ ಎಂದು ಶಿಬಿರ ನಡೆಸುವವರವರೆಗೆ ಅನೇಕರು ಇದಕ್ಕೆ ಉತ್ತರ ಹುಡುಕಿರುತ್ತಾರೆ. ಋಷಿಗಳು ಊಟ ವಸತಿಯ ಮೇಲೆ ಜಿಎಸ್‌ಟಿ ಹಾಕುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಎರಡೂ ಪರಂಪರೆಗಳ ನಡುವೆ ಮೂಲಭೂತ ಭೇದವೇನೂ ಪ್ರಸ್ತುತ ಸಂಶೋಧಕನಿಗೆ ಕಂಡುಬಂದಿಲ್ಲ. ಆದರೆ ಈ ಪ್ರಶ್ನೆಯನ್ನು ಕರ್ನಾಟಕದ ರೈಲಿಗೆ ಹತ್ತಿಸಿ, ಎದುರು ಸೀಟಿನವರ ಕೈಗೆ ಕೊಟ್ಟು ನೋಡಿದವರು ಯಾರೂ ಇಲ್ಲ. ಆ ಕೊರತೆಯನ್ನು ನೀಗುವುದೇ ಈ ಅಧ್ಯಯನದ ಘನ ಉದ್ದೇಶವಾಗಿರುತ್ತದೆ.

ಕ್ಷೇತ್ರದ ಆಯ್ಕೆ

ಮೈಸೂರಿನಿಂದ ಬೆಳಗಾವಿಗೆ ದಿನವೂ ಬೆಳಗಿನ ಹೊತ್ತು ಹೊರಡುವ ಗಾಡಿಗೆ ವಿಶ್ವಮಾನವ ಎಕ್ಸ್‌ಪ್ರೆಸ್ ಎಂದು ಹೆಸರು. ಹುಟ್ಟುವಾಗ ಎಲ್ಲ ಮಕ್ಕಳೂ ವಿಶ್ವಮಾನವರೇ, ಆಮೇಲೆ ಜಾತಿ ಮತಗಳನ್ನು ಮೆತ್ತಿ ಅವರನ್ನು ಗಿಡ್ಡ ಮಾಡುವವರು ನಾವು ಎಂದು ಕುವೆಂಪು ಮತ್ತೆ ಮತ್ತೆ ಹೇಳಿದರು. ಅವರು ಹುಟ್ಟಿದ ಡಿಸೆಂಬರ್ 29ನ್ನು ವಿಶ್ವಮಾನವ ದಿನವೆಂದು ಆಚರಿಸಲು ರಾಜ್ಯ ಸರ್ಕಾರ 2015ರಲ್ಲಿ ಆದೇಶ ಮಾಡಿತು. ದಿನಕ್ಕೂ ಗಾಡಿಗೂ ಇರುವ ವ್ಯತ್ಯಾಸ ಇಷ್ಟೇ: ದಿನದಲ್ಲಿ ಭಾಷಣ ಇರುತ್ತದೆ, ಗಾಡಿಯಲ್ಲಿ ಜನ ಇರುತ್ತಾರೆ.

ಮಂಡ್ಯ, ಬೆಂಗಳೂರು, ತುಮಕೂರು, ಅರಸೀಕೆರೆ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ ಎಂದು ನಾಡಿನ ನಡುವೆಯೇ ಹಾದುಹೋಗುವ ಈ ಗಾಡಿಗೆ ಕನ್ನಡದ ನಾನಾ ಆಡುಮಾತುಗಳು ಹತ್ತುತ್ತವೆ, ಇಳಿಯುತ್ತವೆ. ಹತ್ತಿ ಕೂತು, ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಬೆವರು ಒರೆಸಿಕೊಂಡ ಮೇಲೆ ಎಲ್ಲ ಆಡುಮಾತುಗಳೂ ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ. ಮಂಡ್ಯದಲ್ಲಿ ಅದು ‘ಯಾವೂರಪ್ಪಾ ನಿಮ್ದು?’ ಎಂದಿರುತ್ತದೆ. ತುಮಕೂರಿನಲ್ಲಿ ‘ತಾವು ಯಾವ ಕಡೆಯೋರು?’ ಎಂದಾಗುತ್ತದೆ. ಹರಿಹರದ ಹೊಳೆ ದಾಟಿದ್ದೇ ‘ಯಾವೂರ್ರೀ ನಿಮ್ದು?’ ಎಂದು ನಿಲ್ಲುತ್ತದೆ. ಹೀಗಾಗಿ ಈ ಸಂಶೋಧನೆಗೆ ಪ್ರಶ್ನಾವಳಿ ತಯಾರಿಸುವ ಖರ್ಚು ಬರಲಿಲ್ಲ. ಪ್ರಶ್ನಾವಳಿಯೇ ಟಿಕೆಟ್ ತೆಗೆದುಕೊಂಡು ಬಂದು ಎದುರು ಕೂರುತ್ತಿತ್ತು.

ಪೂರ್ವ ಅಧ್ಯಯನಗಳ ಸಮೀಕ್ಷೆ

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎಂಬ ವಿದ್ವಾಂಸ 1739ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತನ್ನೊಳಗೆ ಎಷ್ಟು ಇಣುಕಿದರೂ ಬಿಸಿ, ತಂಪು, ಪ್ರೀತಿ, ದ್ವೇಷ ಇಂಥವೇ ಸಿಗುತ್ತವೆಯೇ ಹೊರತು ‘ನಾನು’ ಎಂಬುವನು ಸಿಗುವುದಿಲ್ಲ ಎಂದು ತಕರಾರು ತೆಗೆದಿದ್ದಾನೆ. ಆಗಿನ್ನೂ ಅಲ್ಲಿ ಪ್ರಯಾಣಿಕರ ರೈಲು ಬಂದಿರಲಿಲ್ಲ. ಬಂದಿದ್ದರೆ ಅವನು ಯಾರ ಮಗ, ಯಾರ ಅಳಿಯ, ಯಾಕಿನ್ನೂ ಮದುವೆಯಾಗಿಲ್ಲ ಎಂಬುದನ್ನು ಅಕ್ಕಪಕ್ಕದವರೇ ತೀರ್ಮಾನಿಸಿ, ಅಷ್ಟು ದಪ್ಪದ ಗ್ರಂಥ ಬರೆಯುವ ಶ್ರಮವನ್ನು ತಪ್ಪಿಸುತ್ತಿದ್ದರು. 1956ರಲ್ಲಿ ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಮನುಷ್ಯ ದಿನವಿಡೀ ರಂಗದ ಮೇಲೆ ಪಾತ್ರ ಮಾಡುತ್ತಾನೆ, ತೆರೆಯ ಹಿಂದಿನ ಕೋಣೆಗೆ ಹೋದಾಗ ಮಾತ್ರ ಮೈ ಸಡಿಲ ಬಿಡುತ್ತಾನೆ ಎಂದು ವಾದಿಸಿದರು. ನಮ್ಮ ಕಡೆ ತೆರೆಯ ಹಿಂದಿನ ಕೋಣೆ ಎಂದರೆ ಅಡುಗೆಮನೆ. ಅಲ್ಲಿ ಅತ್ತೆ ಇರುತ್ತಾರೆ. ಆದುದರಿಂದ ಈ ಸಿದ್ಧಾಂತ ಇಲ್ಲಿಗೆ ಅನ್ವಯಿಸದು.

ಸ್ವದೇಶಿ ಆಕರಗಳಲ್ಲಿ ಮುಖ್ಯವಾದುದು ಕಾಶಿಯ ಗಲ್ಲಿಯ ಪ್ರಸಂಗ. ಶಂಕರಾಚಾರ್ಯರು ಎದುರಿಗೆ ಬಂದ ಚಂಡಾಲನಿಗೆ ಪಕ್ಕಕ್ಕೆ ಸರಿ ಎಂದರಂತೆ. ಸರಿಯಬೇಕಾದ್ದು ದೇಹವೋ ಆತ್ಮವೋ ಎಂದು ಅವನು ಕೇಳಿದನಂತೆ. ಆಚಾರ್ಯರು ಬೆರಗಾಗಿ ಅಲ್ಲಿಯೇ ‘ಮನೀಷಾ ಪಂಚಕ’ ರಚಿಸಿದರೆಂದು ಐತಿಹ್ಯ. ಐತಿಹ್ಯದ ಕೊನೆಗೆ ಆ ಚಂಡಾಲ ಸಾಕ್ಷಾತ್ ಶಿವನೇ ಆಗಿಬಿಡುತ್ತಾನೆ. ಚಂಡಾಲ ಚಂಡಾಲನಾಗಿದ್ದುಕೊಂಡೇ ಅಂಥ ಪ್ರಶ್ನೆ ಕೇಳಿದ ಎಂದು ಒಪ್ಪುವುದು ಕಥೆ ಹೇಳುವವರಿಗೆ ಕಷ್ಟವಾಗಿತ್ತೆಂದು ತೋರುತ್ತದೆ. ಇದನ್ನು ಓದುಗರು ನೆನಪಿನಲ್ಲಿಡತಕ್ಕದ್ದು. ಮುಂದೆ ಬೇಕಾಗುತ್ತದೆ.

ಇನ್ನೊಂದು ಆಕರ ನೇರವಾಗಿ ರೈಲಿಗೇ ಸಂಬಂಧಿಸಿದ್ದು. 1896ರಲ್ಲಿ ಮಧುರೆಯಿಂದ ಹದಿನಾರರ ಹುಡುಗನೊಬ್ಬ ಮನೆ ಬಿಟ್ಟು ರೈಲು ಹತ್ತಿ ತಿರುವಣ್ಣಾಮಲೈ ಕಡೆ ಹೊರಟ. ಹೊರಡುವಾಗ ಒಂದು ಚೀಟಿ ಬರೆದಿಟ್ಟ. ‘ನಾನು’ ಎಂದು ಶುರುವಾದ ಆ ಚೀಟಿ ನಡುವೆಯೇ ‘ಇದು’ ಎಂದು ತಿರುಗಿ, ಕೊನೆಗೆ ರುಜು ಇರಬೇಕಾದ ಜಾಗದಲ್ಲಿ ಬರೀ ಗೆರೆಯಾಗಿ ಮುಗಿಯಿತು. ಮುಂದೆ ಅವರು ರಮಣ ಮಹರ್ಷಿಗಳೆಂದು ಪ್ರಸಿದ್ಧರಾದರು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ ಟಿಕೆಟ್ ಕೊಳ್ಳಲು ಅಂದು ಹೆಸರು ಹೇಳಬೇಕಾಗಿರಲಿಲ್ಲ. ಇಂದು ಅದೇ ಹುಡುಗ ಮೊಬೈಲಿನಲ್ಲಿ ಸೀಟು ಕಾಯ್ದಿರಿಸಲು ಹೋಗಿ ಹೆಸರಿನ ಜಾಗದಲ್ಲಿ ಗೆರೆ ಎಳೆದರೆ ಆ್ಯಪ್ ಮುಂದಕ್ಕೇ ಹೋಗುವುದಿಲ್ಲ. ಹೆಸರು, ವಯಸ್ಸು, ಹೆಣ್ಣೋ ಗಂಡೋ ಎಲ್ಲ ಬೇಕು. ಇವತ್ತಿಗೂ ಇದ್ಯಾವುದೂ ಇಲ್ಲದ ಚೀಟಿ ಎಂದರೆ ಜನರಲ್ ಬೋಗಿಯದು. ಉಪನಿಷತ್ತಿನ ಆತ್ಮ ಭಾರತೀಯ ರೈಲ್ವೆಯಲ್ಲಿ ಪ್ರಯಾಣಿಸಬಹುದಾದ ದರ್ಜೆ ಅದೊಂದೇ. ಕೂರಲು ಜಾಗ ಸಿಗುವುದಿಲ್ಲ ಎಂಬುದು ಬೇರೆ ಮಾತು. ಆತ್ಮಕ್ಕೆ ಮಂಡಿನೋವು ಇರುವುದಿಲ್ಲವಾದರೂ ಸಂಶೋಧಕನಿಗೆ ಇದ್ದ ಕಾರಣ ಈ ಅಧ್ಯಯನವನ್ನು ಮೀಸಲು ಬೋಗಿಯಲ್ಲಿಯೇ ಕೈಗೊಳ್ಳಲಾಯಿತು.

ಸಂಶೋಧನಾ ವಿಧಾನ

ಮೈಸೂರಿನಿಂದ ಬೆಳಗಾವಿಯವರೆಗೆ ಸಂಶೋಧಕನು ತನ್ನ ಊರು, ಕೆಲಸ, ಜಾತಿ, ಸಂಸಾರ ಯಾವುದನ್ನೂ ಹೇಳತಕ್ಕದ್ದಲ್ಲ. ಸುಳ್ಳು ಹೇಳತಕ್ಕದ್ದಲ್ಲ. ಕೇಳಿದರೆ ನಗತಕ್ಕದ್ದು. ಇಷ್ಟೇ ವಿಧಾನ. ಇದನ್ನು ಮಾರ್ಗದರ್ಶಕರ ಮುಂದಿಟ್ಟಾಗ ಅವರು ಕನ್ನಡಕ ಮೇಲೇರಿಸಿ, ‘ಒಳ್ಳೇ ವಿಷಯ, ಆದರೆ ವೈವಾ ತೆಗೆದುಕೊಳ್ಳಲು ಬರುವವರು ಯಾವ ಪೈಕಿಯವರೋ ನೋಡಿಕೊಂಡು ಬರೆಯಿರಿ’ ಎಂದು ಅಮೂಲ್ಯ ಸಲಹೆ ನೀಡಿದರು.

ಪ್ರಶ್ನೆಗಳ ವರ್ಗೀಕರಣ

ಜಾತಿಯನ್ನು ನೇರವಾಗಿ ಕೇಳುವುದು ಅಸಭ್ಯವೆಂಬುದು ನಮ್ಮಲ್ಲಿ ಎಲ್ಲ ಜಾತಿಯವರೂ ಒಪ್ಪಿಕೊಂಡಿರುವ ವಿಚಾರ. ಆದುದರಿಂದ ಅದನ್ನು ಕೇಳದೆಯೇ ತಿಳಿದುಕೊಳ್ಳುವ ಒಂದು ಸಮೃದ್ಧ ಶಾಸ್ತ್ರ ಬೆಳೆದುಬಂದಿದೆ. ಅದರ ಮೊದಲ ಶಾಖೆ ಭೌಗೋಳಿಕ. ‘ಯಾವೂರು?’ ಎಂಬುದಕ್ಕೆ ಬೆಂಗಳೂರು ಎಂದರೆ ಅದನ್ನು ಯಾರೂ ಉತ್ತರವೆಂದು ಸ್ವೀಕರಿಸುವುದಿಲ್ಲ. ‘ಅದಿರ್ಲಿ, ಮೂಲ?’ ಎನ್ನುತ್ತಾರೆ. ಮೂಲ ಹೇಳಿದರೆ ‘ಅಲ್ಲಿ ನಮ್ಮ ಷಡ್ಡಕರ ಅಣ್ಣನ ಮಗ ಇದ್ದಾನೆ, ಗೊತ್ತಾ?’ ಎನ್ನುತ್ತಾರೆ. ಗೊತ್ತು ಎಂದರೂ ಮಾಹಿತಿ, ಗೊತ್ತಿಲ್ಲ ಎಂದರೂ ಮಾಹಿತಿ.

ಎರಡನೆಯದು ದೈವಿಕ ಶಾಖೆ. ‘ಮನೆದೇವ್ರು ಯಾವುದು?’ ಮೈಲಾರಲಿಂಗ, ಮಾದಪ್ಪ, ಎಡೆಯೂರು ಸಿದ್ಧಲಿಂಗೇಶ್ವರ, ಸವದತ್ತಿ ಎಲ್ಲಮ್ಮ ಎಂದು ಯಾವ ಹೆಸರು ಹೇಳಿದರೂ ಎದುರಿನವರ ತಲೆಯೊಳಗಿನ ನಕ್ಷೆಯಲ್ಲಿ ಒಂದು ದೀಪ ಹತ್ತಿಕೊಳ್ಳುತ್ತದೆ. ತಿರುಪತಿ ತಿಮ್ಮಪ್ಪ ಎಂದರೆ ಮಾತ್ರ ನಾಕಾರು ದೀಪಗಳು ಒಟ್ಟಿಗೆ ಹತ್ತಿ ಗೊಂದಲವಾಗುವುದರಿಂದ, ಗುಟ್ಟು ಕಾಯಬೇಕೆನ್ನುವವರಿಗೆ ತಿಮ್ಮಪ್ಪನಂಥ ದೇವರಿಲ್ಲ. ಮನೆದೇವರೇ ಇಲ್ಲ ಎಂದು ನಕ್ಕರೆ ‘ಹಂಗಾರ ಕಮ್ಯುನಿಸ್ಟರೇನ್ರೀ?’ ಎಂಬ ಹೊಸ ಕುಲ ಲಭಿಸುತ್ತದೆ.

ಮೂರನೆಯದಾದ ಪಾಕಶಾಸ್ತ್ರೀಯ ಶಾಖೆ ಅತ್ಯಂತ ಸೂಕ್ಷ್ಮವಾದುದು. ಮೈಸೂರು ಸೀಮೆಯಲ್ಲಿ ‘ನೀವು ತಿಂತೀರಾ?’ ಎಂದು ಕೇಳುತ್ತಾರೆ. ಏನನ್ನು ಎಂದು ಹೇಳುವುದಿಲ್ಲ. ಏನನ್ನು ಎಂದು ಮರಳಿ ಕೇಳಿದವನು ಅಲ್ಲಿಗೇ ಸಿಕ್ಕಿಬಿದ್ದ. ಬಡಗಣ ಸೀಮೆಯಲ್ಲಿ ಇದು ಪಂಚಾಂಗದ ಮೂಲಕ ಬರುತ್ತದೆ: ‘ಶ್ರಾವಣದಾಗ ಬಿಡ್ತೀರೇನು?’ ಬಿಡುತ್ತೇನೆ ಎಂದರೆ ಮಿಕ್ಕ ಹನ್ನೊಂದು ತಿಂಗಳ ಲೆಕ್ಕ ತಾನಾಗಿಯೇ ಸಿಗುತ್ತದೆ. ‘ಲಗ್ನದಾಗ ನಿಮ್ಮ ಕಡೆ ಏನ್ ಅಡಗಿ ಮಾಡ್ತಾರ್ರೀ?’ ಎಂಬುದು ಈ ಶಾಖೆಯ ಸ್ನಾತಕೋತ್ತರ ಹಂತ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಮಾಲೀಕರು ಇದೇ ಶಾಸ್ತ್ರವನ್ನು ಗೇಟಿನ ಬೋರ್ಡಿಗೆ ಇಳಿಸಿದ್ದಾರೆ. ಸಸ್ಯಾಹಾರಿಗಳಿಗೆ ಮಾತ್ರ ಎಂದು ಬರೆದಿರುವ ಬೋರ್ಡು ತರಕಾರಿಯ ವಿಷಯವಲ್ಲವೆಂದು ಮನೆ ಹುಡುಕಿ ಅಲೆದವರಿಗೆಲ್ಲ ಗೊತ್ತು.

ಫಲಿತಾಂಶಗಳು

ಲೇಬಲ್ ಕಿತ್ತು ಕೂತವನಿಗೆ ಆತ್ಮಜ್ಞಾನವಾಗುತ್ತದೆಂಬುದು ಸಂಶೋಧಕನ ಪ್ರಾಕ್ಕಲ್ಪನೆಯಾಗಿತ್ತು. ಆದದ್ದು ಬೇರೆ. ಮದ್ದೂರು ವಡೆಯವನು ಬಂದು ಹೋಗುವಷ್ಟರಲ್ಲಿ ಎದುರಿನ ಹಿರಿಯರು ಹೆಗಲ ಟವೆಲ್ ಸರಿಮಾಡಿಕೊಂಡು ವಿಚಾರಣೆ ಶುರುಮಾಡಿದರು.

‘ಏನ್ ಕೆಲ್ಸ ಮಾಡ್ಕಂಡಿದ್ದೀರಿ?’

‘ಹುಡುಕ್ತಾ ಇದ್ದೀನಿ.’

‘ಕೆಲ್ಸನಾ?’

‘ಅಲ್ಲ, ನನ್ನನ್ನ.’

ಹಿರಿಯರು ಸೀಟಿನ ಕೆಳಗಿದ್ದ ತಮ್ಮ ಬ್ಯಾಗನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಪಕ್ಕದವರ ಕಿವಿಯಲ್ಲಿ ‘ಮಫ್ತೀಲವ್ರೆ’ ಎಂದದ್ದು ಸಂಶೋಧಕನಿಗೆ ಕೇಳಿಸಿತು. ಬೆಂಗಳೂರಿನಲ್ಲಿ ಇಳಿಯುವಾಗ ಅವರು ಪೊಲೀಸರಿಗೆ ಮಾಡುವ ನಮಸ್ಕಾರ ಮಾಡಿ ಇಳಿದರು. ಆ ಜಾಗಕ್ಕೆ ಬಂದ ತಾಯಿಯೊಬ್ಬರು ತುಮಕೂರು ದಾಟುವುದರೊಳಗೆ ಈತನನ್ನು ಹೆಂಡತಿ ಬಿಟ್ಟು ಹೋಗಿದ್ದಾಳೆಂದು ನಿಶ್ಚಯಿಸಿ, ತಮ್ಮ ಮಗಳಿಗೆ ಕಣ್ಣಿನಲ್ಲೇ ಹೇಳಿ, ಎರಡು ಚಕ್ಕುಲಿ ಕೊಟ್ಟು ಸಮಾಧಾನ ಮಾಡಿದರು. ಚಕ್ಕುಲಿ ಚೆನ್ನಾಗಿತ್ತು. ಅರಸೀಕೆರೆಯಿಂದ ಜೊತೆಯಾದ ಇಸ್ತ್ರಿ ಅಂಗಿಯ ಮಹನೀಯರು ಮೀಸಲು ಸೀಟಿನಲ್ಲಿ ಕಾಲು ಚಾಚಿಕೊಂಡು ಮೀಸಲಾತಿಯಿಂದ ದೇಶ ಹೇಗೆ ಹಾಳಾಯಿತೆಂದು ಬೀರೂರಿನವರೆಗೂ ವಿವರಿಸಿದರು. ಅವರು ಸಂಶೋಧಕನ ಊರು, ಹೆಸರು ಏನನ್ನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದರೆ ‘ನೋಡಿದ್ರೇ ಗೊತ್ತಾಗುತ್ತಲ್ಲ ಸಾರ್, ನೀವು ನಮ್ಮೋರೇ’ ಎಂದು ನಕ್ಕರು. ಹರಿಹರದಾಚೆ, ಗಡ್ಡ ಸ್ವಲ್ಪ ಬೆಳೆದಿದ್ದ ಕಾರಣಕ್ಕೋ ಮಾತು ಕಡಿಮೆಯಿದ್ದ ಕಾರಣಕ್ಕೋ, ಸಂಶೋಧಕನಿಗೆ ಸ್ವಾಮಿ ಎಂಬ ಪದವಿ ಪ್ರಾಪ್ತವಾಯಿತು. ಒಬ್ಬ ಅಜ್ಜಿ ಮೊಮ್ಮಗನ ನೌಕರಿ ಯಾವಾಗ ಆದೀತೆಂದು ಕೈಮುಗಿದು ಕೇಳಿದರು.

ಇದರಿಂದ ಸಾಬೀತಾಗುವುದೇನೆಂದರೆ, ಲೇಬಲ್ ಇಲ್ಲದ ಮನುಷ್ಯನನ್ನು ಸಮಾಜವು ಖಾಲಿ ಬಿಡುವುದಿಲ್ಲ. ತಾನೇ ಒಂದನ್ನು ಹಚ್ಚುತ್ತದೆ, ಕಿತ್ತರೆ ಇನ್ನೊಂದನ್ನು ಹಚ್ಚುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಹುಟ್ಟಿನ ಗುರುತುಗಳನ್ನು ಕಿತ್ತೆಸೆದರು. ಅವರ ಹೆಸರು ಹೇಳುವ ಮನೆಗಳಲ್ಲಿ ಈಗ ಗಂಡು ಹೆಣ್ಣು ಕೂಡಿಸುವಾಗ ಒಳಪಂಗಡ ಕೇಳುತ್ತಾರೆ. ತಮಿಳುನಾಡಿನ ತಿರುಪತ್ತೂರಿನ ವಕೀಲೆಯೊಬ್ಬರು ತನಗೆ ಜಾತಿಯೂ ಇಲ್ಲ ಧರ್ಮವೂ ಇಲ್ಲ ಎಂದು ವರ್ಷಗಟ್ಟಲೆ ಓಡಾಡಿ 2019ರಲ್ಲಿ ಅದಕ್ಕೊಂದು ಸರ್ಕಾರಿ ಪ್ರಮಾಣಪತ್ರ ಪಡೆದರು. ಏನೂ ಇಲ್ಲ ಎಂಬುದಕ್ಕೂ ಮೊಹರು ಬೇಕಾಯಿತು. ಹೋಗಲಿ, ಹೆಸರಿನ ಬಾಲವನ್ನಷ್ಟೇ ಕತ್ತರಿಸಿ ಒಂಟಿ ಹೆಸರಿನಲ್ಲಿ ಹಗುರಾಗಿ ಬದುಕುತ್ತೇನೆ ಎಂದರೆ, 2022ರ ನವೆಂಬರಿನಲ್ಲಿ ಯುಎಇ ದೇಶದವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದುಬಿಟ್ಟರು. ಕರಾವಳಿಯ ಎಷ್ಟೋ ಮನೆಗಳಿಗೆ ದುಬೈ ಪಕ್ಕದ ಓಣಿಯಿದ್ದಂತೆ. ಮಗನನ್ನು ನೋಡಿ ಬರಲು ಹೊರಟ ಒಂಟಿ ಹೆಸರಿನವರು ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಹುಡುಕಿ ತಗುಲಿಸಿಕೊಳ್ಳಬೇಕಾಯಿತು. ಇನ್ನು ನಂದಿಬೆಟ್ಟದ ಬುಡದ ಶಿಬಿರಗಳ ವಿಷಯ. ಒಳಗೆ ಹೋಗುವಾಗಲೇ ಕುತ್ತಿಗೆಗೆ ಹೆಸರು ಮತ್ತು ಕಂಪನಿ ಬರೆದ ಬಿಲ್ಲೆ ಹಾಕುತ್ತಾರೆ. ಬಿಲ್ಲೆ ಇಲ್ಲದವರಿಗೆ ಮಧ್ಯಾಹ್ನ ಊಟವಿಲ್ಲ.

ಒಂದು ಉಪಫಲಿತಾಂಶ

ಈ ಭಾಗವನ್ನು ಪ್ರಬಂಧದಿಂದ ಕೈಬಿಡುವುದು ಲೇಸೆಂದು ಮಾರ್ಗದರ್ಶಕರು ಸೂಚಿಸಿದ್ದರು. ಆದರೂ ದಾಖಲಿಸಲಾಗಿದೆ.

ಸಂಶೋಧಕನು ಸ್ವಾಮಿಯಾಗಿದ್ದ ಹೊತ್ತಿನಲ್ಲಿಯೇ ಕಿಟಕಿ ಪಕ್ಕ ಒಬ್ಬ ಹುಡುಗ ಕೂತಿದ್ದ. ತೊಡೆಯ ಮೇಲೆ ಫೈಲು, ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂ. ರಾಣೆಬೆನ್ನೂರಿನಲ್ಲಿ ಹತ್ತಿದ ಒಬ್ಬ ಅಕ್ಕನವರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಬಿಚ್ಚುತ್ತಲೇ ಆ ಹುಡುಗನನ್ನೂ ಅಕ್ಕರೆಯಿಂದಲೇ ಮಾತಿಗೆಳೆದರು.

‘ಯಾವೂರಪ್ಪಾ ತಮ್ಮಾ?’

ಅವನು ಊರು ಹೇಳಿದ.

‘ಊರಾಗ ಎಲ್ಲಿ?’

‘ಬಸ್‌ಸ್ಟ್ಯಾಂಡ್ ಹತ್ರರೀ.’

‘ಬಸ್‌ಸ್ಟ್ಯಾಂಡಿನಿಂದ ಯಾ ಕಡಿ?’

‘ಸ್ವಲ್ಪ ಒಳಗ ಹೋಗಬೇಕ್ರೀ.’

‘ಯಾ ಓಣಿ?’

ಹುಡುಗ ಕಿಟಕಿಯಾಚೆ ನೋಡಿದ. ಮೆಕ್ಕೆಜೋಳದ ಹೊಲ ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅಕ್ಕನವರು ಅಪ್ಪನ ಹೆಸರು ಕೇಳಿದರು. ಹೇಳಿದ. ‘ಹೌದಾ’ ಎಂದರು. ಎರಡು ರೊಟ್ಟಿ, ಅದರ ಮೇಲೆ ಪಲ್ಯ ಸ್ವಾಮಿಗಳ ಕೈಗೆ ಬಂದವು. ಡಬ್ಬಿಯ ಮುಚ್ಚಳ ಬಿತ್ತು.

ಡಬ್ಬಿಯಲ್ಲಿ ಎರಡೇ ರೊಟ್ಟಿ ಇದ್ದಿರಬಹುದಲ್ಲ ಎಂದು ಮಾರ್ಗದರ್ಶಕರು ಆಕ್ಷೇಪ ಎತ್ತಿದರು. ಡಬ್ಬಿ ನಾಲ್ಕು ಖಾನೆಯದು, ರೊಟ್ಟಿಯ ಗಂಟು ಬೇರೆಯೇ ಇತ್ತು ಎಂದು ದಾಖಲೆಗಾಗಿ ತಿಳಿಸಲಾಗಿದೆ.

ವಿಶ್ಲೇಷಣೆ

ವಿಜ್ಞಾನದ ದೃಷ್ಟಿಯಿಂದ ಇದು ತೊಡಕಿನ ಫಲಿತಾಂಶ. ಇಬ್ಬರೂ ಮುಚ್ಚಿಟ್ಟದ್ದು ಒಂದನ್ನೇ. ಸಂಶೋಧಕನ ಮೌನಕ್ಕೆ ಪೊಲೀಸು, ವಿರಹಿ, ನಮ್ಮೋರು, ಸ್ವಾಮಿ ಎಂಬ ನಾಲ್ಕು ಬಿರುದು, ಚಕ್ಕುಲಿ ಮತ್ತು ರೊಟ್ಟಿ ದೊರೆತವು. ಹುಡುಗನ ಮೌನಕ್ಕೆ ಕಿಟಕಿ ದೊರೆಯಿತು. ಕಾಶಿಯ ಕಥೆಯಲ್ಲಿ ಪ್ರಶ್ನೆಗೆ ಬೆಲೆ ಬರಲು ಚಂಡಾಲ ಶಿವನಾಗಬೇಕಾಯಿತು. ಇಲ್ಲಿಯೂ ಅಷ್ಟೇ. ಸಂಶೋಧಕನು ಲೇಬಲ್ಲನ್ನು ಕಿತ್ತದ್ದು ಆತ್ಮಶೋಧನೆ ಎನ್ನಿಸಿಕೊಂಡಿತು. ಹುಡುಗ ಓಣಿಯ ಹೆಸರು ಹೇಳದಿದ್ದುದು ಏನನ್ನೋ ಬಚ್ಚಿಡುತ್ತಿದ್ದಾನೆ ಎನ್ನಿಸಿಕೊಂಡಿತು. ಹೆಸರಿನ ಬಾಲ ಕತ್ತರಿಸಿಕೊಂಡ ಮೇಲ್ಜಾತಿಯವರನ್ನು ನಾವು ವಿಶಾಲ ಹೃದಯದವರು ಎಂದು ಹೊಗಳುತ್ತೇವೆ. ಬಾಲವೇ ಇಲ್ಲದವನನ್ನು ನೋಡಿ ‘ಪೂರ್ತಿ ಹೆಸರೇನು?’ ಎನ್ನುತ್ತೇವೆ. ತನ್ನ ನಿಜವಾದ ‘ನಾನು’ ಯಾರೆಂದು ತಿಳಿಯದೆ ತೊಳಲಾಡುವುದು ಒಳ್ಳೆಯ ಲೇಬಲ್ ಇದ್ದವರಿಗೆ ಬರುವ ಕಾಯಿಲೆ ಎಂದೇ ಈ ಅಧ್ಯಯನ ಹೇಳಬೇಕಾಗುತ್ತದೆ. ಆ ಹುಡುಗನಿಗೆ ತಾನು ಯಾರೆಂದು ಚೆನ್ನಾಗಿ ಗೊತ್ತಿತ್ತು. ಎಷ್ಟು ಹೇಳಿದರೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದೂ ಗೊತ್ತಿತ್ತು. ‘ಬಸ್‌ಸ್ಟ್ಯಾಂಡ್ ಹತ್ರರೀ’ ಎಂಬುದು ಹಿಂದೆ ಎಷ್ಟೋ ಸಲ ಹೇಳಿ ನುಣುಪಾದ ಉತ್ತರ.

ಜಾತಿ ಕೇಳುವುದೇ ತಪ್ಪಾದರೆ ಸರ್ಕಾರ ಯಾಕೆ ಕೇಳುತ್ತದೆ ಎಂದು ಇಸ್ತ್ರಿ ಅಂಗಿಯವರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಮೈಸೂರು ಸಂಸ್ಥಾನ 1918ರಲ್ಲಿಯೇ ಮಿಲ್ಲರ್ ಸಮಿತಿ ಮಾಡಿ, ಸರ್ಕಾರಿ ನೌಕರಿಯೆಲ್ಲ ಒಂದೇ ಕಡೆಗೆ ಯಾಕೆ ಹರಿಯುತ್ತಿದೆ ಎಂದು ವಿಚಾರಿಸಿತು. 1975ರಲ್ಲಿ ಹಾವನೂರು ಆಯೋಗ ಹಿಂದುಳಿದ ವರ್ಗಗಳ ಬಗ್ಗೆ ವರದಿ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದವರು ಅರವತ್ತು ಪ್ರಶ್ನೆಗಳ ಸಮೀಕ್ಷೆ ಶುರುಮಾಡಿದಾಗ, ಅದಕ್ಕೂ ಮುಂಚೆ ವಿದ್ಯುತ್ ಮೀಟರ್ ಓದುವವರು ಬಂದು ಮನೆಮನೆಗೂ ಸ್ಟಿಕ್ಕರ್ ಹಚ್ಚಿ ಹೋಗಿದ್ದರು. ಅಕ್ಷರಶಃ ಲೇಬಲ್. ಆದರೂ ಸಂಶೋಧಕನಿಗೆ ಆ ಸ್ಟಿಕ್ಕರಿನ ಮೇಲೆ ಸಿಟ್ಟು ಬರಲಿಲ್ಲ. ಅರವತ್ತರಲ್ಲಿ ಒಂದಾಗಿ, ಎದುರಿಗೆ ಕೂತು, ನೇರವಾಗಿ ಕೇಳಿ ಬರೆದುಕೊಳ್ಳುವುದು ಯಾರಿಗೆ ಏನು ದಕ್ಕಿಲ್ಲ ಎಂದು ಲೆಕ್ಕ ಹಾಕಲು. ಯಾ ಓಣಿ ಎಂದು ಸುತ್ತಿ ಬಳಸಿ ಕೇಳುವುದು ಡಬ್ಬಿಯ ಮುಚ್ಚಳ ಹಾಕಲೋ ಬೇಡವೋ ಎಂದು ತೀರ್ಮಾನಿಸಲು. ಎರಡನ್ನೂ ಜಾತಿ ಕೇಳುವುದು ಎಂದೇ ಕರೆದು ಸಮ ಮಾಡುವುದು ಜಾಣತನವಲ್ಲ, ಜಾಣಕುರುಡು.

ಅಧ್ಯಯನದ ಮಿತಿಗಳು

ಧಾರವಾಡದ ನಂತರ ಸಂಶೋಧಕನಿಗೆ ನಿದ್ದೆ ಬಂದುದರಿಂದ ಬೆಳಗಾವಿ ಭಾಗದ ಮಾಹಿತಿ ಅಪೂರ್ಣವಾಗಿದೆ. ನಿದ್ದೆಯಲ್ಲಿ ಯಾವ ಲೇಬಲ್ಲೂ ಇರುವುದಿಲ್ಲವೆಂದು ಮಾಂಡೂಕ್ಯ ಉಪನಿಷತ್ತನ್ನು ಆಧರಿಸಿ ವಾದಿಸಬಹುದಿತ್ತು. ಆದರೆ ಟಿಟಿಇ ಬಂದು ಎಬ್ಬಿಸಿ ಹೆಸರು ಕೇಳಿದ ಕಾರಣ ಆ ವಾದವನ್ನು ಕೈಬಿಡಲಾಗಿದೆ. ಹಾಗೆಯೇ ಸ್ವಾಮಿಗಳು ತಮ್ಮ ರೊಟ್ಟಿಯಲ್ಲಿ ಒಂದನ್ನು ಆ ಹುಡುಗನಿಗೆ ಯಾಕೆ ಕೊಡಲಿಲ್ಲ ಎಂದು ವೈವಾದಲ್ಲಿ ಕೇಳುವ ಸಂಭವವಿದೆ. ಕೊಡಲಾಯಿತು. ಹುಡುಗ ‘ಬ್ಯಾಡ್ರಿ, ಊಟ ಆಗೇತಿ’ ಎಂದ. ಹುಬ್ಬಳ್ಳಿಯಲ್ಲಿ ಇಳಿದವನು ಮೊದಲು ಹೋದದ್ದು ಪ್ಲಾಟ್‌ಫಾರಂ ಮೇಲಿನ ತಿಂಡಿ ಗಾಡಿಯ ಕಡೆಗೆ.

ಶಿಫಾರಸು

ಮುಂದಿನ ಸಂಶೋಧಕರಿಗೂ ವಿಶ್ವಮಾನವ ಎಕ್ಸ್‌ಪ್ರೆಸ್ಸಿನ ಎಲ್ಲ ಪ್ರಯಾಣಿಕರಿಗೂ ಒಂದೇ ವಿನಂತಿ. ಎದುರು ಕೂತವರನ್ನು ಊರು ಕೇಳಿ, ಅದರಲ್ಲಿ ತಪ್ಪೇನಿಲ್ಲ. ಮಳೆ ಹೇಗಾಯಿತು, ಬೆಳೆ ಏನು ಬಂತು, ಇಂಟರ್‌ವ್ಯೂ ಎಷ್ಟು ಗಂಟೆಗೆ ಎಂದೂ ಕೇಳಿ. ಊರಾಗ ಎಲ್ಲಿ ಎಂದು ಮಾತ್ರ ಕೇಳಬೇಡಿ. ಬುತ್ತಿ ಬಿಚ್ಚುವುದಿದ್ದರೆ ಮೊದಲು ರೊಟ್ಟಿ ಕೊಟ್ಟು ಆಮೇಲೆ ಮಾತಾಡಿ.